ಶುಕ್ರವಾರದ ಒದ್ದೆ ಜಡೆ

ಚಳಿಗಾಲ ಬಂದರೆ ಊರಿನವರಿಗೆಲ್ಲ ನೆಗಡಿ ಬರುತ್ತದೆ, ನನಗೆ ಪ್ರಸಂಗಗಳು ಬರುತ್ತವೆ. ಕಾರ್ತಿಕ ಕಳೆದು, ಬೆಳಗಿನ ಮಂಜು ಕೆರೆ ಏರಿಯಿಂದ ನಮ್ಮ ಬೀದಿಗೆ ಇಳಿಯುವುದಕ್ಕೆ ಶುರುವಾದರೆ ಸಾಕು, ಒಂದರ ಹಿಂದೆ ಒಂದು ಬಂದೇ ಬರುತ್ತವೆ. ಶಿವರಾತ್ರಿಯ ಹೊತ್ತಿಗೆ ಬಿಸಿಲು ಏರಿದ ಮೇಲೆ ತಾವಾಗಿಯೇ ನಿಲ್ಲುತ್ತವೆ. ಎಲ್ಲಕ್ಕೂ ಮೂಲ ಒಂದೇ, ನನ್ನ ತಲೆಗೂದಲು.

ಜಂಬಕ್ಕೆ ಹೇಳುತ್ತಿಲ್ಲ. ಮೊಣಕಾಲಿನಿಂದ ನಾಲ್ಕು ಬೆರಳು ಕೆಳಗಿಳಿಯುವ ಕೂದಲು ನೋಡುವವರಿಗೆ ಚೆಂದ. ಹೊತ್ತವಳಿಗೆ ಅದು ಬೇಸಿಗೆಯಲ್ಲಿ ಕಂಬಳಿ, ಚಳಿಗಾಲದಲ್ಲಿ ಒದ್ದೆ ಕಂಬಳಿ. ನಾನು ಓದಿದ್ದು ಮೈಸೂರಿನಲ್ಲಿ, ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು, ಕಾನ್ವೆಂಟಿನಲ್ಲಿ. ಅಲ್ಲಿಯ ಸಿಸ್ಟರುಗಳು ತಲೆಗೆ ಬಿಳಿ ಬಟ್ಟೆ ಬಿಗಿದುಕೊಂಡಿರುತ್ತಿದ್ದರು. ಒಳಗೆ ಕೂದಲಿದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಗೆಳತಿಯರು ಅವರ ಇಂಗ್ಲಿಷಿಗೆ ಅಸೂಯೆಪಡುತ್ತಿದ್ದರು, ನಾನು ಆ ಬಟ್ಟೆಗೆ.

ಓದು ಮುಗಿಸಿ ಮಳವಳ್ಳಿಗೆ ಬಂದೆ. ಅಪ್ಪ ಇಲ್ಲಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಅಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡದ್ದರಿಂದ ಮನೆ ನಡೆಸುವವರು ಅಜ್ಜಿ, ಅಪ್ಪನ ತಾಯಿ. ಊರಿನ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುವವರು ಬೇಕಾಗಿತ್ತು. ನನ್ನನ್ನು ಒಂದು ವರ್ಷದ ಮಟ್ಟಿಗೆ ತೆಗೆದುಕೊಂಡರು. ಪುಷ್ಯದಲ್ಲಿ ಇನ್ಸ್‌ಪೆಕ್ಷನ್, ಅದರಲ್ಲಿ ಒಳ್ಳೆಯ ಮಾತು ಬಂದರೆ ಕೆಲಸ ಖಾಯಂ.

ಸೇರಿದ ದಿನ ಅಪ್ಪ ಹೇಳಿದರು, "ಖಾಯಂ ಆದ್ರೆ ಆಮೇಲೆ ನಿನ್ನಿಷ್ಟ ನಿನ್ನದು, ನಾನು ಅಡ್ಡ ಬರೋದಿಲ್ಲ. ಆಗದೇ ಹೋದ್ರೆ ಮಾಘದಲ್ಲಿ ಅರಸೀಕೆರೆ ಸಂಬಂಧ."

ಅರಸೀಕೆರೆ ಸಂಬಂಧ ಎಂದರೆ ಎರಡನೆಯ ಸಂಬಂಧ. ಅಲ್ಲಿ ಮೂರು ಮಕ್ಕಳು ಸಿದ್ಧವಾಗಿಯೇ ಇದ್ದವು.

ನನ್ನಿಷ್ಟ ಏನೆಂದು ಅಪ್ಪ ಕೇಳಲಿಲ್ಲ. ನಾನು ಬಾಯಿಬಿಟ್ಟು ಹೇಳುವವಳೂ ಅಲ್ಲ. ಖಾಯಂ ಆದ ದಿನ, ಸ್ಕೂಲಿನ ಹೊಲಿಗೆ ಕ್ಲಾಸಿನ ದೊಡ್ಡ ಕತ್ತರಿ ತೆಗೆದುಕೊಂಡು ಸೊಂಟದಿಂದ ಕೆಳಗಿರುವುದನ್ನೆಲ್ಲ ಕತ್ತರಿಸಿಬಿಡುವುದು. ನನ್ನಿಷ್ಟ ಇಷ್ಟೇ.

ಒಂದು ಗಂಟೆ ಮೊದಲು

ನಮ್ಮ ಮನೆಯಲ್ಲಿ ಶುಕ್ರವಾರ ಎಣ್ಣೆ ನೀರು ತಪ್ಪುವಂತಿಲ್ಲ. ಮಳೆ ಬರಲಿ, ಮಂಜು ಬೀಳಲಿ, ಐದು ಗಂಟೆಗೆ ಅಜ್ಜಿ ಹರಳೆಣ್ಣೆಯ ಬಟ್ಟಲು ಹಿಡಿದು ನನ್ನ ತಲೆದೆಸೆಯಲ್ಲಿ ನಿಂತಿರುತ್ತಾರೆ. ಅವರು ಮಡಿ ಹೆಂಗಸು. ಕೆಂಪು ಸೀರೆ, ಬೋಳಿಸಿದ ತಲೆ. ತಾವು ಸ್ನಾನ ಮಾಡಿ ಮಡಿಯುಟ್ಟ ಮೇಲೆ ನನ್ನನ್ನು ಮುಟ್ಟುವ ಹಾಗಿಲ್ಲ. ಆದ್ದರಿಂದ ಮೊದಲು ನನ್ನ ತಲೆ, ಆಮೇಲೆ ಅವರ ಸ್ನಾನ, ಆಮೇಲೆ ದೇವರು.

ಅಜ್ಜಿಯ ಕೂದಲು ಹೋದದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಎಷ್ಟುದ್ದ ಇತ್ತು ಎಂದು ನಾನು ಒಮ್ಮೆ ಕೇಳಿದೆ. "ನಿಂದಕ್ಕಿಂತ ಒಂದು ಗೇಣು ಹೆಚ್ಚು" ಎಂದು ಹೇಳಿ, ಸೀಗೆಪುಡಿ ಕಲಸುವುದಕ್ಕೆ ತಿರುಗಿಕೊಂಡರು. ಅದಾದ ಮೇಲೆ ಕತ್ತರಿಯ ಮಾತನ್ನು ಈ ಮನೆಯಲ್ಲಿ ಎತ್ತುವುದು ಹೇಗೆ?

ಸ್ಕೂಲಿನಲ್ಲಿ ಹೆಡ್ ಮಿಸ್ಟ್ರೆಸ್ಸಮ್ಮನವರದು ಮೂರು ಕಟ್ಟಳೆ. ಕೂದಲು ಬಿಟ್ಟುಕೊಂಡು ಬರಕೂಡದು. ಒದ್ದೆ ಜಡೆ ತೊಟ್ಟಿಕ್ಕಿಸಿಕೊಂಡು ಬರಕೂಡದು. ತಡವಾಗಿ ಬರಕೂಡದು. ಚಳಿಗಾಲದ ಶುಕ್ರವಾರ ಈ ಮೂರರಲ್ಲಿ ಎರಡನ್ನು ಮಾತ್ರ ಪಾಲಿಸಲು ಸಾಧ್ಯ. ಯಾವ ಎರಡು ಎಂಬುದಷ್ಟೇ ನನಗೆ ಬಿಟ್ಟದ್ದು. ಮಾರ್ಗಶಿರದ ಮೊದಲ ಶುಕ್ರವಾರ ನಾನು ಕೂದಲು ಒಣಗಿಸಿ, ಹೆಣೆದು, ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಸ್ಕೂಲು ಸೇರಿದೆ. ಗಂಟೆ ಹೊಡೆಯುವುದು ಹತ್ತೂವರೆಗೆ.

"ಯಾಕೆ ತಡ?" ಎಂದರು ಹೆಡ್ ಮಿಸ್ಟ್ರೆಸ್ಸಮ್ಮ.

"ತಲೆ ಒಣಗಲಿಲ್ಲ ಮೇಡಂ."

"ನನಗೂ ತಲೆ ಇದೆ."

ಇತ್ತು. ತುರುಬು ನಿಂಬೆಹಣ್ಣಿನಷ್ಟಿತ್ತು. ನಾನು ಅದನ್ನೇ ನೋಡುತ್ತಿದ್ದುದು ಅವರಿಗೆ ತಿಳಿಯಿತೆಂದು ಕಾಣುತ್ತದೆ. "ಇನ್ನೊಂದು ಸಲ ಹೀಗಾದ್ರೆ ಮೇಲಕ್ಕೆ ರಿಪೋರ್ಟ್ ಬರೀತೀನಿ. ಬೇಗ ಎದ್ದು ಸ್ನಾನ ಮಾಡಿ" ಎಂದರು.

ಮನೆಗೆ ಬಂದು ಅಜ್ಜಿಗೆ ಹೇಳಿದೆ. ಅಜ್ಜಿಗೆ ಈ ಸಲಹೆ ತುಂಬ ಹಿಡಿಸಿತು. "ತಿಳಿದವಳು ಕಣೆ ಆಕೆ. ಐದು ಗಂಟೆ ಅಂದ್ರೆ ಹೊತ್ತು ಹೋದ ಹಾಗೆಯೇ" ಎಂದರು. ಮುಂದಿನ ಶುಕ್ರವಾರ ನಾಲ್ಕಕ್ಕೇ ಎಬ್ಬಿಸಿ ನೀರು ಹಾಕಿದರು. ಬಿಸಿಲು ಮಾತ್ರ ಎಂದಿನ ಹಾಗೆ ಒಂಬತ್ತೂವರೆಗೇ ಬಂತು. ನಾನು ಒಂದು ಗಂಟೆ ಮೊದಲು ಒದ್ದೆಯಾದೆ, ಅಷ್ಟೇ.

ಪಂಡಿತರು ಹೇಳಿದ ಪಥ್ಯ

ಆ ಎರಡನೆಯ ಶುಕ್ರವಾರ ಜಡೆಯನ್ನು ಅರೆ ಒದ್ದೆಯಲ್ಲೇ ಹೆಣೆದು, ಸೆರಗು ಹೊದ್ದು ಹೇಗೋ ತಪ್ಪಿಸಿಕೊಂಡೆ. ಆದರೆ ಭಾನುವಾರದ ಹೊತ್ತಿಗೆ ಜಡೆಯೊಳಗಿನಿಂದ ಮುಗ್ಗಿದ ಅಕ್ಕಿ ಮೂಟೆಯ ವಾಸನೆ ಬರತೊಡಗಿತು. ಬೇರೆ ದಾರಿ ಹುಡುಕಲೇಬೇಕಾಗಿತ್ತು.

ಕಾನ್ವೆಂಟಿನ ಗೆಳತಿ ಒಬ್ಬಳು ಕಳಿಸಿದ್ದ ಹಳೆಯ ಇಂಗ್ಲಿಷ್ ಮಾಸಪತ್ರಿಕೆಯೊಂದರಲ್ಲಿ ಚಳಿಗಾಲದಲ್ಲಿ ಕೂದಲನ್ನು ನೋಡಿಕೊಳ್ಳುವ ಬಗೆಯ ಮೇಲೆ ಒಂದು ಪುಟವಿತ್ತು. ಎರಡು ಕೋಳಿಮೊಟ್ಟೆ ಕದಡಿ ತಲೆಗೆ ತಿಕ್ಕಿ ತಣ್ಣೀರಿನಲ್ಲಿ ತೊಳೆದರೆ ಎಣ್ಣೆಯ ಜಿಡ್ಡೆಲ್ಲ ಬಿಟ್ಟು, ಕೂದಲು ಹಗುರಾಗಿ, ಬೇಗ ಒಣಗುತ್ತದೆಯಂತೆ. ಬರೆದವಳು ಯಾರೋ ದೊರೆಸಾನಿ. ಅವಳಿಗೆ ಅಜ್ಜಿ ಇರಲಿಲ್ಲ.

ಮೊಟ್ಟೆಗೆ ನಮ್ಮ ಮನೆಗೆ ಹಾಲು ತರುವ ಗೌಡರಮ್ಮನನ್ನು ಹಿತ್ತಿಲಲ್ಲಿ ಹಿಡಿದೆ. ಊರಾಚೆ ಅವರದು ಗದ್ದೆ, ಕಬ್ಬು, ದನ, ಕೋಳಿ ಎಲ್ಲ ಇದ್ದ ದೊಡ್ಡ ಮನೆ.

"ಯಾಕವ್ವ, ನಿಮ್ಮೋರೂ ತಿನ್ನಾಕೆ ಸುರು ಮಾಡುದ್ರಾ?" ಎಂದು ಗೌಡರಮ್ಮ ಇಡೀ ಬೀದಿಗೆ ಕೇಳುವಂತೆ ಕೇಳಿದಳು.

"ಮೆಲ್ಲಗೆ ಮಾತಾಡಿ ಗೌಡರಮ್ಮ. ತಿನ್ನೋದಕ್ಕಲ್ಲ, ತಲೆಗೆ."

ಅವಳು ನನ್ನ ತಲೆಯನ್ನು ಒಂದು ಗಳಿಗೆ ನೋಡಿದಳು. "ನಮ್ಮಟ್ಟೀಲಿ ಕಾವಿಗೆ ಕೂರಾದು ಕೋಳಿ ಕಣವ್ವ" ಎಂದಳು. ಆದರೂ ಮಾರನೆಯ ದಿನ ಬೆರಣಿ ಬುಟ್ಟಿಯಲ್ಲಿ ಅಡಗಿಸಿ ತಂದುಕೊಟ್ಟಳು.

ಶುಕ್ರವಾರ ಅಜ್ಜಿ ಏಳುವ ಮೊದಲೇ ಎದ್ದು, ಬಚ್ಚಲಲ್ಲಿ ಕೂತು, ಮೊಟ್ಟೆ ಎರಡನ್ನೂ ತಲೆಗೆ ತಿಕ್ಕಿಕೊಂಡೆ. ತಣ್ಣೀರಿನಲ್ಲಿ ತೊಳೆದು ಮುಗಿಸಿ ಏನೂ ಅರಿಯದವಳ ಹಾಗೆ ಹೋಗಿ ಮಲಗುವುದು ನನ್ನ ಯೋಚನೆ. ತಂಬಿಗೆಗೆ ಕೈಹಾಕುವಷ್ಟರಲ್ಲಿ ಬಾಗಿಲು ತೆರೆಯಿತು.

"ಅಯ್ಯೋ ಮಗು, ನೀನೇ ಎದ್ದು ಎಣ್ಣೆ ಹಚ್ಕೊಂಡು ಕೂತಿದೀಯಾ" ಎಂದು ಅಜ್ಜಿ ಹಿಗ್ಗಿಹೋದರು. ಆ ಹಿಗ್ಗಿನಲ್ಲಿ, ರಾತ್ರಿಯೆಲ್ಲ ಕೆಂಡದ ಮೇಲಿದ್ದ ಹಂಡೆಯಿಂದ ಕುದಿಯುವುದಕ್ಕೆ ಒಂದು ಉಸಿರು ಕಡಿಮೆ ಇದ್ದ ನೀರನ್ನು ಮೂರು ಚೊಂಬು ಒಟ್ಟಿಗೆ ಸುರಿದರು.

ಮೊಟ್ಟೆ ನನ್ನ ತಲೆಯ ಮೇಲೆಯೇ ಬೆಂದುಹೋಯಿತು.

ಬಿಸಿಲು ಬಂದ ಮೇಲೆ ಅಜ್ಜಿ ನನ್ನನ್ನು ಅಂಗಳದಲ್ಲಿ ಕೂರಿಸಿಕೊಂಡು ಬಿಳಿಯ ಚೂರುಗಳನ್ನು ಒಂದೊಂದಾಗಿ ಆರಿಸಿದರು. "ಇಂಥ ಹೊಟ್ಟು ನನ್ನ ಜನ್ಮದಲ್ಲಿ ನೋಡಿಲ್ಲ ಕಣೆ. ಬೆಲ್ಲದ ಚೂರಿನಷ್ಟು ದಪ್ಪ ಇದೆಯಲ್ಲೇ" ಎನ್ನುತ್ತ ಅಂಗೈ ತುಂಬ ಕೂಡಿಟ್ಟುಕೊಂಡರು. ಹನ್ನೊಂದು ಹೊಡೆಯಿತು. ನಾನು ಹೋಗುತ್ತೇನೆ ಎಂದರೆ ಬಿಡಲಿಲ್ಲ. ಅದೇ ಅಂಗೈ ಮುಂದೆ ಮಾಡಿಕೊಂಡು, ನನ್ನನ್ನೂ ಎಳೆದುಕೊಂಡು ಬೀದಿ ಕೊನೆಯ ಪಂಡಿತರ ಮನೆಗೆ ಹೋದರು.

ಪಂಡಿತರು ಊರಿಗೆಲ್ಲ ಔಷಧ ಕೊಡುವವರು. ಎಲ್ಲ ಜಾತಿಯ ಮನೆಯ ಅಡುಗೆಮನೆಯೂ ಅವರಿಗೆ ಗೊತ್ತು. ಒಂದು ಚೂರನ್ನು ಎರಡು ಬೆರಳಿನಲ್ಲಿ ಹಿಸುಕಿದರು, ಮೂಸಿದರು. ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಬಿಡುವಿನಲ್ಲಿ ಏನ್ಮಾಡ್ತೀಯ ಮಗು?"

"ಓದ್ತೀನಿ."

"ಏನು, ಇಂಗ್ಲಿಷೋ?"

"ಹೂಂ."

ಪಂಡಿತರು ಅಜ್ಜಿಯ ಕಡೆ ತಿರುಗಿದರು. "ಪಿತ್ತ ನೆತ್ತಿಗೇರಿದೆ, ಅಷ್ಟೇ. ಔಷಧ ಏನೂ ಬೇಡ. ಆದ್ರೆ ಪಥ್ಯ ಮಾಡಬೇಕು. ಎರಡು ತಿಂಗಳು ಇಂಗ್ಲಿಷ್ ಪುಸ್ತಕ ಮುಟ್ಟಕೂಡದು."

ನಾನು ಸ್ಕೂಲಿನಲ್ಲಿ ಹೇಳಿಕೊಡುತ್ತಿದ್ದುದು ಅದೊಂದನ್ನೇ.

ಪಾಕ

ಎರಡನೆಯ ಸಲದ ತಡಕ್ಕೆ ಹೆಡ್ ಮಿಸ್ಟ್ರೆಸ್ಸಮ್ಮ ಕೂಗಾಡಲಿಲ್ಲ. ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದು ತೋರಿಸಿದರು. "ರಿಪೋರ್ಟ್ ಬರೆದು ಸಹಿ ಹಾಕಿ ಇಟ್ಟಿದೀನಿ. ತಾರೀಕು ಮಾತ್ರ ಹಾಕಿಲ್ಲ. ಅದನ್ನ ಯಾವತ್ತು ಹಾಕಬೇಕು ಅನ್ನೋದು ನಿಮ್ಮ ಕೈಲಿದೆ" ಎಂದು ಮತ್ತೆ ಒಳಗಿಟ್ಟರು.

ಅಂದು ಸಂಜೆ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದೆ. ನನ್ನ ಮುಖ ನೋಡಿ ಗೌಡರಮ್ಮ ಹಾಲಿನ ಚೊಂಬು ಕೆಳಗಿಟ್ಟಳು.

"ಕೂದ್ಲು ಒಣಗ್ಸಕ್ಕೆ ಇಷ್ಟು ಗೋಳಾ? ನಮ್ಮಾಲೆಮನೆ ಏನು ಸತ್ತೋಗದಾ? ಸುಕ್ರವಾರ ಅತ್ತಗೆ ಬಾ. ಒಲೆ ಮುಂದೆ ಒಂದು ಗಳಿಗೆ ನಿಂತ್ಕೊ. ಒದ್ದೆ ಎಮ್ಮೆ ನಿಂತ್ರೂ ಒಣಗ್ಬುಡ್ತದೆ."

ನಾಲೆ ನೀರು ಬಂದ ಮೇಲೆ ಊರ ಸುತ್ತ ಕಬ್ಬೇ ಕಬ್ಬು. ಚಳಿಗಾಲ ಪೂರ್ತಿ ಆಲೆಮನೆಗಳಲ್ಲಿ ಬೆಲ್ಲಕ್ಕೆ ಕಬ್ಬಿನ ಹಾಲು ಕಾಯುತ್ತದೆ. ಗೌಡರಮ್ಮನ ಮಾತು ಸುಳ್ಳಾಗಲಿಲ್ಲ. ದೊಡ್ಡ ಕೊಪ್ಪರಿಗೆಯ ಪಕ್ಕದಲ್ಲಿ ಕೂದಲು ಹರವಿಕೊಂಡು ನಿಂತೆ. ಒಲೆಯ ಝಳಕ್ಕೆ ಕಾಲು ಗಂಟೆಯಲ್ಲಿ ಬುಡದವರೆಗೂ ಒಣಗಿತು. ಪಾಕ ಉಕ್ಕಿ ಬಂದಾಗಲೆಲ್ಲ ಗೌಡರ ಆಳು ಉದ್ದ ಹಿಡಿಯ ಸವಟಿನಿಂದ ಅದನ್ನು ಬಡಿದು ಬಡಿದು ಇಳಿಸುತ್ತಿದ್ದ. ಆಗ ಸಣ್ಣ ಹನಿಗಳು ಅತ್ತಿತ್ತ ಹಾರುತ್ತಿದ್ದವು. ನಾನು ಅದಕ್ಕೆ ಗಮನ ಕೊಡಲಿಲ್ಲ. ಹತ್ತಕ್ಕೆ ಸ್ಕೂಲಿನಲ್ಲಿದ್ದೆ. ಹೆಡ್ ಮಿಸ್ಟ್ರೆಸ್ಸಮ್ಮ ಗಡಿಯಾರ ನೋಡಿದರು, ನನ್ನ ಜಡೆ ನೋಡಿದರು, ಬೇರೇನೂ ಹೇಳಲಿಕ್ಕೆ ಸಿಕ್ಕದೆ "ಸರಿ" ಎಂದರು. ಆ ಒಂದು ಮಾತಿನ ಸುಖದಲ್ಲಿ ಮಧ್ಯಾಹ್ನದವರೆಗೆ ತೇಲಾಡಿದೆ.

ಊಟದ ಬಿಡುವಾದ ಮೇಲೆ ಕರಿಹಲಗೆಯ ಮೇಲೆ ಇಂಗ್ಲಿಷ್ ಪದ್ಯ ಬರೆಯುತ್ತಿದ್ದೆ. ಹಿಂದೆ ನಲವತ್ತು ಹುಡುಗಿಯರು ಉಸಿರು ಬಿಗಿಹಿಡಿದು ಕೂತಿದ್ದರು. ಇಷ್ಟು ಗಮನ ಕೊಟ್ಟು ಕೇಳುತ್ತಿದ್ದಾರಲ್ಲ ಎಂದು ಎದೆ ತುಂಬಿ ಬಂತು.

"ಟೀಚರಮ್ಮ" ಎಂದಳು ಒಬ್ಬಳು ಮೆಲ್ಲಗೆ. "ಇರುವೆ."

"ಎಲ್ಲಿ?"

"ಕಿಟಕಿಯಿಂದ ನಿಮ್ಮವರೆಗೂ."

ತಿರುಗಿ ನೋಡಿದೆ. ಕಿಟಕಿಯಿಂದ ಇಳಿದು, ಗೋಡೆಗುಂಟ ಬಂದು, ನನ್ನ ಸೀರೆಯ ನೆರಿಗೆ ಹತ್ತಿ, ಜಡೆಯ ಕುಚ್ಚಿನಿಂದ ಮೇಲಕ್ಕೆ ಎರಡು ಸಾಲು ಇರುವೆ. ಒಂದು ಹೋಗುವ ಸಾಲು, ಒಂದು ಬರುವ ಸಾಲು. ನಾನು ಜಡೆ ಒದರುವುದಕ್ಕೂ ಹೆಡ್ ಮಿಸ್ಟ್ರೆಸ್ಸಮ್ಮ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು.

"ಏನಿದು? ಏನು ನಡೀತಿದೆ ಇಲ್ಲಿ?"

ಮುಂದಿನ ಬೆಂಚಿನಲ್ಲಿ ಕಿರುಗಾವಲಿನ ರೈತರ ಮನೆಯ ಹುಡುಗಿ ಕೂತಿದ್ದಳು. ಅವಳು ಎದ್ದು ಬಂದು ನನ್ನ ಜಡೆಯ ತುದಿಯನ್ನು ಬೆರಳಿನಿಂದ ಒತ್ತಿ ನೋಡಿದಳು. ಬೆರಳಿಗೂ ಬೆರಳಿಗೂ ನಡುವೆ ಎಳೆ ಬರುತ್ತದೆಯೇ ಎಂದು ನೋಡಿದಳು. ಆಮೇಲೆ ಹೆಡ್ ಮಿಸ್ಟ್ರೆಸ್ಸಮ್ಮನವರ ಕಡೆ ತಿರುಗಿ, ತಿಳಿದವಳ ಗಾಂಭೀರ್ಯದಿಂದ ಹೇಳಿದಳು.

"ಪಾಕ ಸರ್ಯಾಗಿ ಬಂದದೆ ಮೇಡಂ. ಅಚ್ಚಿಗೆ ಉಯ್ಯಬೋದು."

ಗಟ್ಟಿ ಮಾಲು

ಇನ್ಸ್‌ಪೆಕ್ಷನ್ನಿಗೆ ಮೊದಲು ನನ್ನ ಕಾಗದಪತ್ರಗಳ ಜೊತೆ ಡಾಕ್ಟರ ಸರ್ಟಿಫಿಕೇಟು ಇರಬೇಕಾಗಿತ್ತು. ಅದಿಲ್ಲದಿದ್ದರೆ ನನ್ನ ಹೆಸರನ್ನು ಖಾಯಂ ಪಟ್ಟಿಗೆ ಎತ್ತಿಕೊಳ್ಳುವುದೇ ಇಲ್ಲವೆಂದು ಹೆಡ್ ಮಿಸ್ಟ್ರೆಸ್ಸಮ್ಮ ಹೇಳಿದ್ದರು. ಡಾಕ್ಟರು ಮಂಡ್ಯದಲ್ಲಿ. ಒಂದು ಶನಿವಾರ, ಮದ್ದೂರಿನ ಮೇಲೆ ಹೋಗುವ ಬೆಳಗಿನ ಬಸ್ಸು ಹತ್ತಿದೆ. ಅಪ್ಪ ಬಸ್ಸಿನವರೆಗೆ ಬಂದು, "ಯಾರ ಜೊತೆಯೂ ಮಾತಾಡಬೇಡ" ಎಂದರು. ನನಗೆ ಅದನ್ನು ಹೇಳುವ ಅಗತ್ಯವೇ ಇರಲಿಲ್ಲ.

ಬಸ್ಸು ಬೆಳಕವಾಡಿ ಕಡೆಯಿಂದ ತುಂಬಿ ಬಂದಿತ್ತು. ಹೊರಗೆ ದಟ್ಟ ಮಂಜು, ಒಳಗೆ ಪಕ್ಕದವರ ಮುಖ ಕಾಣದಷ್ಟು ಮಸುಕು. ಹಿಂದಿನ ದಿನ ನೀರು ಹಾಕಿಕೊಂಡ ಜಡೆ ಇನ್ನೂ ಹಸಿಯಾಗಿತ್ತು. ಬೆನ್ನಿಗೆ ತಾಗಿದರೆ ಚಳಿ, ಮಡಿಲಿಗೆ ಹಾಕಿಕೊಂಡರೆ ಸೀರೆ ಒದ್ದೆ. ಆದ್ದರಿಂದ ಸೀಟಿನ ಹಿಂದಕ್ಕೆ ಇಳಿಬಿಟ್ಟು, ಗಾಳಿಗೆ ಒಣಗಲಿ ಎಂದು ಕೂತೆ.

ಮದ್ದೂರಿನವರೆಗೂ ಆಗಾಗ ಯಾರೋ ಜಡೆ ಎಳೆದಂತಾಗುತ್ತಿತ್ತು. ತಿರುಗಿ ನೋಡಲು ನಾಚಿಕೆ. ರಸ್ತೆಯೇ ಹಾಗಿತ್ತು, ಬಸ್ಸಿನಲ್ಲಿ ಎಲ್ಲರೂ ಎಲ್ಲರನ್ನೂ ಎಳೆಯುತ್ತಿದ್ದರು. ಮದ್ದೂರಿನ ರೈಲ್ವೆ ಸ್ಟೇಷನ್ನಿನ ಹತ್ತಿರ ಬಸ್ಸು ನಿಂತಾಗ, ಕಾಲು ಸೆಟೆದುಕೊಂಡಿದೆ ಎಂದು ಎದ್ದು ನಿಂತೆ.

ನನ್ನ ಜೊತೆ ನಾಲ್ಕು ಕೋಳಿ ಎದ್ದವು.

ಎದ್ದವು ಎಂದರೆ, ತಲೆ ಕೆಳಗಾಗಿ, ರೆಕ್ಕೆ ಬಡಿಯುತ್ತ, ನನ್ನ ಜಡೆಯ ತುದಿಯಿಂದ ನೇತಾಡಿದವು. ಇಡೀ ಬಸ್ಸಿನಲ್ಲಿ ಪುಕ್ಕ ಹಾರಿತು. ನಾನು ಕೂತೆ, ಕೋಳಿ ಕೂತವು. ದಿಗಿಲಿನಲ್ಲಿ ಮತ್ತೆ ಎದ್ದೆ, ಅವೂ ಎದ್ದವು.

"ಅಯ್ ನನ್ನ ಕೋಳಿ ಯಾಕವ್ವ ಎಳ್ಕೊಂಡೋಯ್ತಿದ್ದೀಯೆ?" ಎಂದು ಹಿಂದಿನ ಸೀಟಿನ ಹೆಂಗಸು ನನ್ನನ್ನೇ ಗದರಿದಳು.

"ಅದು... ಅದು ನನ್ನ ಜಡೆ" ಎಂದೆ.

ಕಂಡಕ್ಟರು ಬಂದ. ಕೋಳಿ ನೋಡಿದ, ಜಡೆ ನೋಡಿದ, ಗಂಟು ನೋಡಿದ. "ಏಯ್ ಅಮ್ಮಯ್ಯ, ಇದು ಇವ್ರ ತಲೆ ಕಣಮ್ಮ. ಅದಕ್ಕ್ಯಾಕೆ ಕಟ್ಟಿದ್ದೀಯಾ?"

ಹೆಂಗಸು ಬಗ್ಗಿ, ಜಡೆಯನ್ನು ಕೈಯಲ್ಲಿ ಹಿಡಿದು ಬುಡದವರೆಗೂ ಸವರಿಕೊಂಡು ಬಂದಳು. ನನ್ನ ಕುತ್ತಿಗೆಗೆ ಬಂದ ಮೇಲೆ ನಂಬಿದಳು. "ಅಗ್ಗ ಅನ್ಕಂಡೆ ಕಣವ್ವ. ಬಸ್ಸಿನೋರು ಸಾಮಾನು ಕಟ್ಟಕ್ಕೆ ಇಳೇಬುಟ್ಟವ್ರೆ ಅಂತ. ಒದ್ದೆ ಅಗ್ಗ ಆದ್ರೆ ಗಂಟು ಜಾರಾಕಿಲ್ಲ, ಗಟ್ಟಿ ಮಾಲು ಅಂದ್ಬುಟ್ಟು ಕಟ್ದೆ."

ಗಂಟು ಬಿಚ್ಚಲು ಮೂವರು ಬೇಕಾದರು. ಬಸ್ಸು ಕಾಯಿತು. ಮಂಡ್ಯದ ಡಾಕ್ಟರು ಬಾಗಿಲು ಹಾಕುವುದಕ್ಕೆ ಐದು ನಿಮಿಷ ಮೊದಲು ಹೋಗಿ ಸರ್ಟಿಫಿಕೇಟು ಪಡೆದೆ. ನನ್ನ ಎದೆಬಡಿತ ಹೆಚ್ಚಾಗಿದೆಯೆಂದೂ, ತಲೆಯಲ್ಲಿ ಪುಕ್ಕ ಯಾಕೆಂದೂ ಅವರು ಕೇಳಿದರು. ಎರಡಕ್ಕೂ ಉತ್ತರ ಒಂದೇ ಆಗಿತ್ತು, ಹೇಳಲಿಲ್ಲ.

ಆದರೆ ನನ್ನ ಕಿವಿಯಲ್ಲಿ ಇವತ್ತಿಗೂ ಉಳಿದಿರುವುದು, ಕೊನೆಯ ಗಂಟು ಬಿಚ್ಚಿದ ಮೇಲೆ ಆ ಹೆಂಗಸು ಹೇಳಿದ ಸಮಾಧಾನದ ಮಾತು.

"ಅಳಬೇಡ ಸುಮ್ಕಿರವ್ವ. ಬೆಳಕ್ವಾಡೀಲಿ ನಮ್ಮ ಮೇಕೆ ಓತನ ಹತ್ತುಸ್ಕಳ್ಳಾಕಿಲ್ಲ ಅಂದ್ಬುಟ್ಟ ಈ ಕಂಡಕ್ಟ್ರು. ಇಲ್ದಿದ್ರೆ ಅದ್ನೂ ಇದ್ಕೇ ಕಟ್ಟಿರೋಳು."

ಗೃಹಕೃತ್ಯ

ಇನ್ಸ್‌ಪೆಕ್ಷನ್ ಸಂಕ್ರಾಂತಿ ಕಳೆದ ಮೊದಲ ಶುಕ್ರವಾರಕ್ಕೆ ಗೊತ್ತಾಯಿತು. ವಾರದಲ್ಲಿ ಉಳಿದ ದಿನಗಳೆಲ್ಲ ಏನಾಗಿದ್ದವೋ.

"ಅಜ್ಜಿ, ಈ ಒಂದು ವಾರ ಶನಿವಾರಕ್ಕೆ ಹಾಕ್ಕೊಳ್ತೀನಿ."

"ಶನಿವಾರ ಗಂಡಸರು ಹಾಕ್ಕೊಳ್ಳೋದು."

"ಇನ್ಸ್‌ಪೆಕ್ಟ್ರೆಸ್ ಬರ್ತಾರೆ ಅಜ್ಜಿ. ನನ್ನ ಕೆಲಸದ ಪ್ರಶ್ನೆ."

"ಆಕೆ ಬಂದ್ರೆ ಶುಕ್ರವಾರ ನಿಲ್ಲುತ್ತದೇನೆ? ಅಂಥಾ ದಿನಾನೇ ಲಕ್ಷಣವಾಗಿ ಹೋಗಬೇಕು" ಎಂದರು ಅಜ್ಜಿ. ಹರಳೆಣ್ಣೆ ಎಂದಿಗಿಂತ ಒಂದು ಸವಟು ಹೆಚ್ಚು.

ಅಂದು ಮಂಜು ಒಂಬತ್ತೂವರೆಯಾದರೂ ಕರಗಲಿಲ್ಲ. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಜಿನ ಖಾನೆಯಲ್ಲಿದ್ದ, ತಾರೀಕು ಹಾಕದ ಆ ಹಾಳೆ ಕಣ್ಣೆದುರು ಬಂತು. ಅದರ ಹಿಂದೆ ಅರಸೀಕೆರೆಯ ಮೂರು ಮಕ್ಕಳು ಸಾಲಾಗಿ ನಿಂತಂತೆ ಕಂಡರು. ಟವೆಲು ಸುತ್ತಿಕೊಂಡು, ಸೆರಗು ಹೊದ್ದು, ಸ್ಕೂಲಿನ ಹಿಂದಿನ ಬಾಗಿಲಿಗೆ ಓಡಿದೆ. ಇನ್ಸ್‌ಪೆಕ್ಟ್ರೆಸ್ ಬರುವುದು ಹನ್ನೊಂದೂವರೆಗೆ ಎಂದಿದ್ದರು. ಸ್ಕೂಲಿನ ಆಯಾ ಒಳ್ಳೆಯವಳು. ಹಿಂದಿನ ಸಾಮಾನಿನ ಕೋಣೆಯಲ್ಲಿ ಚಾಪೆ ಹಾಸಿದಳು. ಒಂದು ಬಾಣಲೆಯಲ್ಲಿ ಕೆಂಡ ಹಾಕಿ, ಸಾಂಬ್ರಾಣಿ ಉದುರಿಸಿ, ಮೇಲೆ ಬಿದಿರು ಬುಟ್ಟಿ ಮಗುಚಿದಳು. ನಾನು ಮಲಗಿ ಕೂದಲನ್ನು ಬುಟ್ಟಿಯ ಮೇಲೆ ಹರವಿದೆ. "ಒಂದರ್ಧ ಗಂಟೆ ಅಲ್ಲಾಡ್ಬ್ಯಾಡಿ" ಎಂದು ಬಾಗಿಲು ಮುಂದೆ ಮಾಡಿಕೊಂಡು ಹೋದಳು. ಒಂದು ತಿಂಗಳಿಂದ ತಯಾರು ಮಾಡಿದ್ದ ಇಂಗ್ಲಿಷ್ ಪಾಠವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಮಲಗಿದೆ.

ಇನ್ಸ್‌ಪೆಕ್ಟ್ರೆಸ್ ಹತ್ತೂಮುಕ್ಕಾಲಿಗೇ ಬಂದರು. ಬಂದವರು ನೇರ ಕ್ಲಾಸಿಗೆ ಹೋಗದೆ, "ಹೊಗೆ ಎಲ್ಲಿಂದ ಬರುತ್ತಿದೆ?" ಎಂದು ಕೇಳಿದರು.

ಬಾಗಿಲು ತೆರೆಯಿತು. ಮಲಗಿದ್ದಲ್ಲಿಂದ ನನಗೆ ಮೊದಲು ಕಂಡದ್ದು ಕಪ್ಪು ಬೂಟ್ಸು, ಆಮೇಲೆ ಕನ್ನಡಕ, ಅದರ ಹಿಂದೆ ಹೆಡ್ ಮಿಸ್ಟ್ರೆಸ್ಸಮ್ಮನವರ ಮುಖ. ಏಳಲು ಹೋದೆ. ಕೂದಲು ಬುಟ್ಟಿಯ ಕಡ್ಡಿಗೆ ಸಿಕ್ಕಿಕೊಂಡಿತ್ತು. ಬುಟ್ಟಿಯೂ ಏಳಲು ಹೊರಟಿತು. ಮತ್ತೆ ಮಲಗಿದೆ.

ಹೆಡ್ ಮಿಸ್ಟ್ರೆಸ್ಸಮ್ಮನವರದು ಇಪ್ಪತ್ತು ವರ್ಷದ ಸರ್ವಿಸು. ತಮ್ಮ ಸ್ಕೂಲಿನಲ್ಲಿ ಟೀಚರೊಬ್ಬಳು ಪಾಠದ ಹೊತ್ತಿನಲ್ಲಿ ಚಾಪೆ ಹಾಸಿ ಮಲಗಿದ್ದಾಳೆ ಎಂದರೆ ಮುಳುಗುವುದು ನಾನೊಬ್ಬಳೇ ಅಲ್ಲ ಎಂಬುದು ಅವರಿಗೆ ನನಗಿಂತ ಬೇಗ ಹೊಳೆಯಿತು. ಕಣ್ಣು ಮಿಟುಕಿಸದೆ ಹೇಳಿದರು, "ಇದು ನಮ್ಮ ಗೃಹಕೃತ್ಯದ ಪಾಠ ಮೇಡಂ. ಚಳಿಗಾಲದಲ್ಲಿ ಕೇಶಸಂರಕ್ಷಣೆ. ಪ್ರತ್ಯಕ್ಷವಾಗಿ ತೋರಿಸಿಯೇ ಹೇಳಿಕೊಡ್ತೀವಿ." ತಿರುಗಿ ಆಯಾಗೆ, "ಹುಡುಗಿಯರು ಯಾಕಿನ್ನೂ ಬಂದಿಲ್ಲ? ಬೇಗ ಕರಿ" ಎಂದರು.

ನಲವತ್ತು ಹುಡುಗಿಯರು ಬಂದು ನನ್ನ ಸುತ್ತ ನಿಂತರು. ಹೆಡ್ ಮಿಸ್ಟ್ರೆಸ್ಸಮ್ಮ ಭೂಪಟ ತೋರಿಸುವ ಕೋಲು ತೆಗೆದುಕೊಂಡರು. ನನ್ನ ನೆತ್ತಿಯ ಮೇಲಿಟ್ಟು, "ಇದು ಏನು?" ಎಂದು ಕೇಳಿದರು.

"ಟೀಚರಮ್ಮ" ಎಂದರು ಎಲ್ಲರೂ.

"ಅಲ್ಲ. ಇದು ಬುಡ." ಕೋಲು ಕೆಳಗೆ ಸರಿಯಿತು. "ಇದು ನಡು. ಇದು ತುದಿ. ಮೊದಲು ಒಣಗಬೇಕಾದದ್ದು ಯಾವುದು?"

"ಬುಡ."

"ಬುಡ ಒಣಗದಿದ್ದರೆ ಏನಾಗುತ್ತದೆ?"

ಕಿರುಗಾವಲಿನ ಹುಡುಗಿ ಕೈಯೆತ್ತಿದಳು. "ಸ್ಕೂಲಿಗೆ ತಡ ಆಯ್ತದೆ ಮೇಡಂ."

ಇನ್ಸ್‌ಪೆಕ್ಟ್ರೆಸ್ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದರು. ಎಲ್ಲ ಮುಗಿದ ಮೇಲೆ ಬಗ್ಗಿ ನನ್ನ ಮುಖ ನೋಡಿ, ಪೂರ್ತಿ ಒಣಗಲು ಎಷ್ಟು ಹೊತ್ತು ಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿದರು. "ನಾಳೆಯವರೆಗೆ ಮೇಡಂ" ಎಂದು ನಾನೂ ಇಂಗ್ಲಿಷಿನಲ್ಲೇ ಹೇಳಿದೆ. ಹತ್ತು ವರ್ಷ ಕಾನ್ವೆಂಟಿನಲ್ಲಿ ಕಲಿತದ್ದರಲ್ಲಿ ಅಂದು ಉಪಯೋಗಕ್ಕೆ ಬಂದದ್ದು ಅಷ್ಟೇ, ಅದೂ ಮಲಗಿಕೊಂಡು.

ಸಾಮಗ್ರಿ

ಹದಿನೈದು ದಿನದ ಮೇಲೆ, ಒಂದು ಶನಿವಾರ ಸ್ಕೂಲು ಬಿಡುವ ಹೊತ್ತಿಗೆ ಹೆಡ್ ಮಿಸ್ಟ್ರೆಸ್ಸಮ್ಮ ಕರೆದು ಒಂದು ಉದ್ದ ಲಕೋಟೆ ಕೊಟ್ಟರು. ಖಾನೆಯಲ್ಲಿದ್ದ ಹಳೆಯ ಹಾಳೆಯನ್ನು ನನ್ನೆದುರಿಗೇ ಹರಿದು ಹಾಕಿದರು. ಅಷ್ಟೇ ಅಲ್ಲ, ನಕ್ಕರು.

ಅಲ್ಲೇ ನಿಂತು ಓದಿದೆ. ಮೊದಲ ಸಾಲು ಓದಿದಾಗ ಕಣ್ಣಲ್ಲಿ ನೀರು ಬಂತು. ಕೆಲಸ ಖಾಯಂ. ಅರಸೀಕೆರೆ ಇಲ್ಲ. ಹೊಲಿಗೆ ಕ್ಲಾಸಿನ ಬಾಗಿಲು ತೆರೆದೇ ಇತ್ತು, ಗೋಡೆಯ ಮೊಳೆಯಲ್ಲಿ ಕತ್ತರಿ ತೂಗುತ್ತಿತ್ತು. ಹೊಸಿಲು ದಾಟಿ ಒಳಗೂ ಹೋದೆ. ಅಲ್ಲಿ ನಿಂತು ಉಳಿದ ಸಾಲುಗಳನ್ನು ಓದಿದೆ. ಓದಿ, ಲಕೋಟೆ ಮಡಿಸಿ, ಕತ್ತರಿಯನ್ನು ಮುಟ್ಟದೆ ಮನೆಗೆ ಬಂದೆ.

ಯಾರಿಗೂ ಹೇಳಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಅಪ್ಪ ನನ್ನ ಮೇಜಿನ ಮೇಲೆ ಸರ್ಕಾರಿ ಮುದ್ರೆ ಕಂಡರು. ಗುಮಾಸ್ತರಿಗೆ ಮುದ್ರೆ ಕಂಡರೆ ಓದದೆ ಇರಲಾಗದು. ಕನ್ನಡಕ ಹಾಕಿಕೊಂಡು, ಜಗಲಿಯ ಮೇಲೆ ಕೂತು, ಕಚೇರಿಯ ದನಿಯಲ್ಲಿ ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳಿದರು.

"ಸದರಿ ಉಪಾಧ್ಯಾಯಿನಿಯ ಕೆಲಸವನ್ನು ಖಾಯಂ ಮಾಡಿದೆ."

ಅಜ್ಜಿ ಒಳಗಿನ ಬಾಗಿಲಲ್ಲಿ ನಿಂತು ಕೈಮುಗಿದರು.

"ಈಕೆಯ ಕೇಶಸಂರಕ್ಷಣೆಯ ಪಾಠವು ಅತ್ಯಂತ ಮೆಚ್ಚತಕ್ಕದ್ದಾಗಿರುವುದರಿಂದ, ಪ್ರತಿ ಚಳಿಗಾಲದಲ್ಲೂ ವಾರಕ್ಕೆ ಮೂರು ದಿನ, ಸೋಮವಾರ ಮಂಡ್ಯದಲ್ಲಿ, ಬುಧವಾರ ಮದ್ದೂರಿನಲ್ಲಿ, ಶುಕ್ರವಾರ ಮಳವಳ್ಳಿಯಲ್ಲಿ, ಹೆಣ್ಣುಮಕ್ಕಳ ಸ್ಕೂಲುಗಳಲ್ಲಿ ಇದನ್ನು ನಡೆಸತಕ್ಕದ್ದು. ತಲೆ ಒದ್ದೆಯಾಗಿರುವಾಗಲೇ ಪಾಠಕ್ಕೆ ಹಾಜರಾಗತಕ್ಕದ್ದು."

"ಸರಿಯೇ" ಎಂದರು ಅಜ್ಜಿ.

"ಪಾಠಕ್ಕೆ ಬೇಕಾದ ಸಾಮಗ್ರಿ. ಸೀಗೆಪುಡಿ, ಸಾಂಬ್ರಾಣಿ, ಕೆಂಡ, ಬುಟ್ಟಿ ಒಂದು. ಇವನ್ನು ಆಯಾ ಸ್ಕೂಲಿನವರು ಒದಗಿಸತಕ್ಕದ್ದು. ಕೂದಲು." ಅಪ್ಪ ಕನ್ನಡಕ ಸರಿಮಾಡಿಕೊಂಡರು. "ಕೂದಲನ್ನು ಉಪಾಧ್ಯಾಯಿನಿಯೇ ತರತಕ್ಕದ್ದು. ಇಲಾಖೆಯ ಅನುಮತಿ ಇಲ್ಲದೆ ಅದರ ಉದ್ದವನ್ನು ಕಡಿಮೆ ಮಾಡತಕ್ಕದ್ದಲ್ಲ."

ಅಪ್ಪ ಕಾಗದ ಮಡಿಸಿ ನನ್ನ ಕಡೆ ನೋಡಿದರು. "ಇನ್ನು ನಿನ್ನಿಷ್ಟ ನಿನ್ನದು ಮಗು. ಕೊಟ್ಟ ಮಾತು ಮಾತೇ. ಏನಮ್ಮ ನಿನ್ನಿಷ್ಟ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ ಒಳಗಿನಿಂದ ಎಣ್ಣೆ ಬಟ್ಟಲು ತಂದು ಮಣೆ ಹಾಕುತ್ತಿದ್ದರು.

"ಅವಳನ್ನೇನು ಕೇಳ್ತೀಯೋ? ಸೋಮವಾರ ಮಂಡ್ಯ ಅಂದ್ರೆ ಇವತ್ತೇ ಎಣ್ಣೆ ಹಚ್ಚಿ ನೆನೆಸಬೇಕು. ಕೂತ್ಕೋ ಬಾರೇ."